ಕಿವಿಯ ಮುಂದಣ ಕೀಲು

ಲೇಖನವನ್ನು ಓದುವ ಮುನ್ನ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕೆಂದು ಕೋರುತ್ತೇವೆ. ಎರಡು ಕೈಗಳ ತೋರುಬೆರಳುಗಳನ್ನೂ ಕಿವಿಯ ರಂಧ್ರಕ್ಕೆ ಅರ್ಧ ಅಂಗುಲ ಮುಂದೆ ಕೆನ್ನೆಯ ಮೇಲೆ ಮೆಲ್ಲನೆ ಒತ್ತಿಟ್ಟು, ಬಾಯನ್ನು ನಿಧಾನವಾಗಿ ತೆರೆದು ಮುಚ್ಚಿರಿ. ಮೊದಲು ಬೆರಳಿನ ಅಡಿಯಲ್ಲಿ ಒಂದು ಗುಂಡು ಹೊರಳಿದಂತೆ ಆಗುತ್ತದೆ. ಬಾಯಿ ಇನ್ನಷ್ಟು ಅಗಲವಾದಾಗ ಆ ಗುಂಡು ಮುಂದಕ್ಕೆ ಜಾರಿಹೋಗಿ, ಅದು ಇದ್ದ ಎಡೆಯಲ್ಲಿ ಒಂದು ಕುಳಿ ಬೀಳುತ್ತದೆ. ಬಾಯಿ ಮುಚ್ಚಿದರೆ ಗುಂಡು ಮರಳಿ ತನ್ನ ಸ್ಥಾನಕ್ಕೆ ಬಂದು ಕೂರುತ್ತದೆ. ಕೆಲವರಿಗೆ ಇದರ ಜತೆಗೆ 'ಟಕ್' ಎಂಬ ಸದ್ದೂ ಕೇಳಿಸೀತು. ಹಾಗೆ ಕೇಳಿಸಿದವರು ಗಾಬರಿಗೊಳ್ಳಬೇಕಾದುದಿಲ್ಲ. ಆ ಸದ್ದಿನ ವಿಚಾರ ಮುಂದೆ ಬರುತ್ತದೆ.

ಬೆರಳಿಗೆ ಸಿಕ್ಕಿದ ಆ ಗುಂಡು ಕೆಳದವಡೆಯ ಎಲುಬಿನ ತುದಿ. ಅದು ತಲೆಬುರುಡೆಯ ಶಂಖಾಸ್ಥಿಯಲ್ಲಿರುವ ಒಂದು ತಗ್ಗಿನೊಳಗೆ ಕುಳಿತು ಕೀಲಾಗಿದೆ. ಸಂಸ್ಕೃತದಲ್ಲಿ ದವಡೆಗೆ 'ಹನು' ಎಂದು ಹೆಸರು. ಇಂದ್ರನ ವಜ್ರಾಯುಧದ ಪೆಟ್ಟಿಗೆ ದವಡೆ ಮುರಿದುದರಿಂದಲೇ ಆಂಜನೇಯನು ಹನುಮಂತನಾದನೆಂಬ ಕಥೆಯನ್ನು ನಮ್ಮಲ್ಲಿ ಕೇಳದವರು ಯಾರು? ಹೀಗಿರಲು ಈ ಕೀಲನ್ನು 'ಹನುಸಂಧಿ' ಎಂದು ಕರೆಯುವುದು ಸಹಜವಾಗಿಯೇ ಇದೆ.

ಈ ವಿಷಯವನ್ನು ಕುರಿತು ಬರೆಯಬೇಕೆಂದು ನಮಗೆ ತೋರಿದುದಕ್ಕೆ ಒಂದು ಕಾರಣವುಂಟು. ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಪದವಿಪೂರ್ವ ಎರಡನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಳು. ಬೆಳಗ್ಗೆ ಏಳುವಾಗಲೇ ಕೆನ್ನೆ, ಕಣತಲೆಗಳಲ್ಲಿ ನೋವು. ಕಿವಿಯೊಳಗೆ ಏನೋ ಚುಚ್ಚಿದಂತೆ. ಕಿವಿಯ ವೈದ್ಯರು ನೋಡಿ ಕಿವಿಯಲ್ಲಿ ದೋಷವಿಲ್ಲವೆಂದರು. ಒಂದು ದಿನ ಆಕೆಗೆ ಎರಡು ಬೆರಳಿನಷ್ಟಕ್ಕಿಂತ ಹೆಚ್ಚಾಗಿ ಬಾಯಿ ತೆರೆಯಲಾಗಲಿಲ್ಲ. ದಂತವೈದ್ಯರೊಬ್ಬರು ಪರೀಕ್ಷಿಸಿ, "ಮೇಲಿನ ಹಲ್ಲುಗಳೂ ಕೆಳಗಿನ ಹಲ್ಲುಗಳೂ ಸರಿಯಾಗಿ ಕೂಡುತ್ತಿಲ್ಲ, ಕೆಲವು ಹಲ್ಲುಗಳನ್ನು ತೇಯ್ದು ಸಮ ಮಾಡಬೇಕು, ಬೇಕಾದರೆ ಕೆಲವಕ್ಕೆ ಕವಚ ಹಾಕಬೇಕು" ಎಂದರಂತೆ. ಹುಡುಗಿಯ ತಂದೆ ನಮ್ಮಲ್ಲಿಗೆ ಬಂದು, "ಸ್ವಾಮಿ, ನೀವು ವಿಜ್ಞಾನದ ಪುಸ್ತಕಗಳನ್ನು ಓದುವವರು. ತೇಯ್ದ ಹಲ್ಲು ಮತ್ತೆ ಬೆಳೆಯುತ್ತದೆಯೇ?" ಎಂದು ಕೇಳಿದರು.

ಬೆಳೆಯುವುದಿಲ್ಲ. ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಡುಸಾದ ವಸ್ತು. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡನ್ನು ಸೀಳಿ ಹೊರಬರುವ ವೇಳೆಗೆ ತಮ್ಮ ಕೆಲಸ ಮುಗಿಸಿ ಅಳಿದುಹೋಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕೊಯ್ದ ಚರ್ಮ ಬೆಸೆದುಕೊಳ್ಳುತ್ತದೆ. ಸವೆದ ಎನಾಮಲ್ ಮಾತ್ರ ಹೋದುದು ಹೋದುದೇ. ಆದುದರಿಂದ ಆ ತಂದೆಯ ಪ್ರಶ್ನೆ ಬಹಳ ತೂಕವುಳ್ಳದ್ದು. ನಾವು ದಂತವೈದ್ಯರಲ್ಲ. ಆದರೂ ಅವರ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಂತೆ, ಸುಮಾರು ನೂರು ವರ್ಷಗಳಿಂದ ನಡೆದುಬಂದ ಒಂದು ದೊಡ್ಡ ವಾದವೇ ಅದರ ಹಿಂದೆ ಇರುವುದು ಕಂಡುಬಂದಿತು.

ಮೊದಲು ಕೀಲಿನ ರಚನೆಯನ್ನು ನೋಡೋಣ. ಮೊಣಕೈಯ ಕೀಲು ಬಾಗಿಲಿನ ತಿರುಗಣಿಯಂತೆ ಮಡಿಚಿ ಬಿಚ್ಚಿಕೊಳ್ಳುತ್ತದೆ. ಹನುಸಂಧಿಯಾದರೋ ತಿರುಗುವುದೂ ಉಂಟು, ಜಾರುವುದೂ ಉಂಟು. ದವಡೆಯ ಗುಂಡಿಗೂ ಬುರುಡೆಯ ತಗ್ಗಿಗೂ ನಡುವೆ ನಾರುಳ್ಳ ಮೆತುವಾದ ಒಂದು ಬಿಲ್ಲೆಯಿದೆ. ನಡುವೆ ತೆಳ್ಳಗೆ, ಅಂಚುಗಳಲ್ಲಿ ದಪ್ಪ. ಗುಂಡಿನ ಮೇಲೆ ಇಟ್ಟ ಟೋಪಿಯಂತೆ ಕುಳಿತಿರುತ್ತದೆ. ಇದರಿಂದ ಕೀಲು ಮೇಲೊಂದು ಕೆಳಗೊಂದು ಹೀಗೆ ಎರಡು ಅಂತಸ್ತಾಗಿದೆ. ಬಾಯಿ ತೆರೆಯುವ ಮೊದಲ ಭಾಗದಲ್ಲಿ, ಎಂದರೆ ಬಾಚಿಹಲ್ಲುಗಳ ನಡುವೆ ಸುಮಾರು 20–25 ಮಿಲ್ಲಿಮೀಟರಿನಷ್ಟು ಎಡೆ ಬೀಳುವವರೆಗೆ, ಕೆಳಗಿನ ಅಂತಸ್ತಿನಲ್ಲಿ ಗುಂಡು ಹೆಚ್ಚಾಗಿ ನಿಂತಲ್ಲೇ ತಿರುಗುತ್ತದೆ. ಆ ಬಳಿಕ ಗುಂಡೂ ಬಿಲ್ಲೆಯೂ ಒಟ್ಟಾಗಿ ಮೇಲಿನ ಅಂತಸ್ತಿನಲ್ಲಿ ಮುಂದಕ್ಕೆ ಜಾರುತ್ತವೆ. ಆರೋಗ್ಯವಂತರಾದ ಪ್ರಾಪ್ತವಯಸ್ಕರ ಬಾಯಿ 40ರಿಂದ 50 ಮಿಲ್ಲಿಮೀಟರಿನವರೆಗೆ ತೆರೆಯುತ್ತದೆ. ಅಳೆಯುವ ಕೋಲು ಬೇಡ. ನಮ್ಮದೇ ಮೂರು ಬೆರಳುಗಳನ್ನು ನಿಲುವಾಗಿ ಜೋಡಿಸಿ ಹಲ್ಲುಗಳ ನಡುವೆ ಇಡಲು ಬಂದರೆ ಸಾಕು.

ಇನ್ನೊಂದು ವಿಶೇಷವೆಂದರೆ, ಎಡ ಬಲಗಳ ಎರಡು ಕೀಲುಗಳಿಗೂ ಎಲುಬು ಒಂದೇ. ಬಲ ಮೊಣಕಾಲು ನೊಂದರೆ ಎಡಗಾಲನ್ನು ಅದರ ಪಾಡಿಗೆ ಆಡಿಸಬಹುದು. ದವಡೆಯಲ್ಲಿ ಅದು ಸಾಧ್ಯವಿಲ್ಲ. ಒಂದು ಕೀಲು ಅಲುಗಿದರೆ ಇನ್ನೊಂದೂ ಅಲುಗಲೇಬೇಕು. ಒಂದು ಪಕ್ಕ ಬಿಗಿದುಕೊಂಡರೆ ಬಾಯಿ ತೆರೆಯುವಾಗ ಗದ್ದ ಆ ಪಕ್ಕಕ್ಕೆ ವಾಲುವುದು ಈ ಕಾರಣದಿಂದಲೇ. ಕನ್ನಡಿಯ ಮುಂದೆ ನಿಂತರೆ ಯಾರಾದರೂ ಇದನ್ನು ಕಾಣಬಹುದು.

ಈ ಕೀಲಿನ ವಂಶಾವಳಿಯೂ ವಿಚಿತ್ರವಾದುದು. ಹಾವು, ಹಲ್ಲಿ, ಮೊಸಳೆಗಳಿಗೂ ದವಡೆಯ ಕೀಲುಂಟು. ಆದರೆ ಅದು ನಮ್ಮ ಕೀಲಲ್ಲ. ಅವುಗಳ ಕೀಲನ್ನು ಮಾಡುವ ಎಲುಬುಗಳು ಬೇರೆ ಎರಡು. 1837ರಲ್ಲಿ ಜರ್ಮನಿಯ ಕಾರ್ಲ್ ರೈಖರ್ಟ್ ಎಂಬ ಶಾಸ್ತ್ರಜ್ಞನು ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ, ಸರೀಸೃಪಗಳ ದವಡೆಯ ಆ ಎರಡು ಎಲುಬುಗಳೇ ಸಸ್ತನಿಗಳಲ್ಲಿ ಕಿರಿದಾಗಿ ಕಿವಿಯೊಳಗೆ ಸೇರಿಕೊಂಡು, ಸದ್ದನ್ನು ಒಯ್ಯುವ ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಪುಟ್ಟ ಎಲುಬುಗಳಾಗಿವೆಯೆಂದು ತೋರಿಸಿದನು. ಇಂತಹ ಮಾತನ್ನು ನಂಬುವುದು ಮೊದಲು ಯಾರಿಗೂ ಸುಲಭವಲ್ಲ. ಎಲುಬು ದವಡೆಯಿಂದ ಕಿವಿಗೆ ವಲಸೆ ಹೋಗುವಾಗ ಆ ಪ್ರಾಣಿ ಏನನ್ನು ತಿಂದು ಬದುಕಿತು? ಉತ್ತರ ಕಲ್ಲಿನಲ್ಲಿ ಸಿಕ್ಕಿತು. ಇಂಗ್ಲೆಂಡಿನ ಪಕ್ಕದ ವೇಲ್ಸ್ ಪ್ರಾಂತದಲ್ಲಿ ದೊರೆತು 1949ರಲ್ಲಿ ವರ್ಣಿಸಲ್ಪಟ್ಟ ಮಾರ್ಗನ್ಯುಕೊಡಾನ್ ಎಂಬ ಇಲಿಯಂತಹ ಪ್ರಾಣಿಯ ಅವಶೇಷದಲ್ಲಿ ಹಳೆಯ ಕೀಲೂ ಹೊಸ ಕೀಲೂ ಎರಡೂ ಒಟ್ಟಿಗೆ ಇದ್ದವು. ಸುಮಾರು ಇಪ್ಪತ್ತು ಕೋಟಿ ವರ್ಷಗಳ ಹಿಂದೆ ಬಾಳಿದ ಜೀವಿ ಅದು. ಹೊಸ ಮನೆ ಕಟ್ಟಿ ಮುಗಿಯುವ ತನಕ ಹಳೆಯ ಮನೆಯಲ್ಲಿಯೇ ವಾಸ ಮಾಡಿದಂತೆ! ದವಡೆಯ ಕೀಲು ಕಿವಿಗೆ ಅಷ್ಟು ಹತ್ತಿರವಿರುವುದೂ, ಕೀಲಿನ ನೋವನ್ನು ಜನರು ಕಿವಿನೋವೆಂದು ತಿಳಿಯುವುದೂ ಈ ಹಳೆಯ ನೆಂಟಸ್ತಿಕೆಯನ್ನು ನೆನಪಿಗೆ ತರುತ್ತವೆ.

ಕೀಲನ್ನು ಆಡಿಸುವುದು ಸ್ನಾಯುಗಳು. ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ ಕೆನ್ನೆಯನ್ನು ಮುಟ್ಟಿದರೆ ಒಂದು ಗಂಟು ಉಬ್ಬುತ್ತದೆ. ಕಣತಲೆಯನ್ನು ಮುಟ್ಟಿದರೆ ಅಲ್ಲಿಯೂ ಉಬ್ಬುತ್ತದೆ. ಅಗಿಯುವ ಸ್ನಾಯುಗಳಲ್ಲಿ ದೊಡ್ಡವು ಈ ಎರಡು. ಒಳಗಡೆ ಇನ್ನೆರಡು ಇವೆ. ಇವೆಲ್ಲ ಸೇರಿ ದವಡೆಹಲ್ಲುಗಳ ನಡುವೆ ಒತ್ತುವ ಬಲ 50ರಿಂದ 70 ಕಿಲೋಗ್ರಾಂ ಭಾರಕ್ಕೆ ಸಮನಾದೀತು. ಗಟ್ಟಿ ಪದಾರ್ಥವನ್ನು ಮುಂದಿನ ಹಲ್ಲಿನಲ್ಲಿ ಕಚ್ಚದೆ ಹಿಂದಿನ ಹಲ್ಲಿಗೆ ತಳ್ಳುತ್ತೇವಷ್ಟೆ? ಅಡಕತ್ತರಿಯಲ್ಲಿ ಅಡಕೆಯನ್ನು ತಿರುಗಣಿಯ ಹತ್ತಿರಕ್ಕೆ ಇಟ್ಟಂತೆಯೇ ಇದು. ಕೀಲಿಗೆ ಸಮೀಪವಾದಷ್ಟೂ ಬಲ ಹೆಚ್ಚು.

ಇಷ್ಟು ಬಲವುಳ್ಳ ಯಂತ್ರವು ದಿನದ ಬಹುಭಾಗ ಬಿಡುವಾಗಿಯೇ ಇರಬೇಕಾದುದು. ಊಟ, ನುಂಗುವಿಕೆ ಎಲ್ಲ ಸೇರಿ ದಿನವೊಂದಕ್ಕೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಪರಸ್ಪರ ತಾಗುವ ಕಾಲವನ್ನು ಕೂಡಿಸಿದರೆ ಅರ್ಧ ಗಂಟೆಯೂ ಆಗದೆಂದು ಅಂದಾಜು ಮಾಡಿದ್ದಾರೆ. ಮಿಕ್ಕ ಹೊತ್ತೆಲ್ಲ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಎರಡರಿಂದ ನಾಲ್ಕು ಮಿಲ್ಲಿಮೀಟರಿನಷ್ಟು ಎಡೆ ಇರುವುದೇ ಸ್ವಾಭಾವಿಕ. ಈ ಸಾಲನ್ನು ಓದುತ್ತಿರುವ ವಾಚಕರು ತಮ್ಮ ಹಲ್ಲುಗಳು ಈಗ ತಾಗಿಕೊಂಡಿವೆಯೇ ಎಂದು ನೋಡಿಕೊಳ್ಳಲಿ. ಪರೀಕ್ಷೆಯ ಕಾಲದಲ್ಲಿ ಹಲ್ಲು ಕಚ್ಚಿಕೊಂಡು ಓದುತ್ತೇವೆಂಬುದು ಕೇವಲ ಮಾತಿನ ಅಲಂಕಾರವಲ್ಲ. ಅನೇಕರು ನಿಜವಾಗಿಯೂ ಕಚ್ಚಿಕೊಂಡೇ ಇರುತ್ತಾರೆ. ಇನ್ನು ಕೆಲವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳುವಿದೆಯೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದಕ್ಕೆ ದೃಢವಾದ ಆಧಾರ ಸಿಕ್ಕಿಲ್ಲ. ನಿದ್ದೆಯ ನಡುವೆ ಮಿದುಳು ಅರೆ ಎಚ್ಚರಗೊಳ್ಳುವ ಕ್ಷಣಗಳಿಗೂ ಇದಕ್ಕೂ ಸಂಬಂಧವಿದೆಯೆಂದು ನಿದ್ರೆಯನ್ನು ಅಳೆದು ನೋಡಿದವರು ಕಂಡಿದ್ದಾರೆ.

ಇನ್ನು ಹಲ್ಲುಗಳ ಕೂಡಿಕೆಯ ವಿಚಾರ. ಇದಕ್ಕೆ ಮೊದಲು ಒಂದು ಕ್ರಮವನ್ನು ಹಾಕಿಕೊಟ್ಟವನು ಅಮೆರಿಕದ ಎಡ್ವರ್ಡ್ ಆಂಗಲ್. ಆರನೆಯ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲನೆಯ ಸ್ಥಿರ ದವಡೆಹಲ್ಲನ್ನು ಗುರುತಾಗಿಟ್ಟುಕೊಂಡು, 1899ರಲ್ಲಿ ಅವನು ವಕ್ರವಾದ ಕೂಡಿಕೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ದವಡೆಹಲ್ಲುಗಳು ಸರಿಯಾಗಿದ್ದು ಮುಂದಿನ ಹಲ್ಲುಗಳು ಮಾತ್ರ ಅಡ್ಡಾದಿಡ್ಡಿಯಾಗಿರುವುದು ಒಂದು, ಕೆಳಗಿನ ಸಾಲು ಹಿಂದೆ ಸರಿದಿರುವುದು ಇನ್ನೊಂದು, ಕೆಳಗಿನ ಸಾಲು ಮುಂದಕ್ಕೆ ಚಾಚಿರುವುದು ಮೂರನೆಯದು. ಯೂರೋಪಿನ ಹ್ಯಾಪ್ಸ್‌ಬರ್ಗ್ ರಾಜವಂಶದ ಚಿತ್ರಪಟಗಳಲ್ಲಿ ಕಾಣುವ ಮುಂದೆ ಚಾಚಿದ ಗದ್ದ ಈ ಮೂರನೆಯ ಬಗೆಯದು. ಆಂಗಲ್‌ನ ವಿಂಗಡಣೆ ಇಂದಿಗೂ ದಂತವೈದ್ಯ ಕಾಲೇಜುಗಳಲ್ಲಿ ಮೊದಲ ಪಾಠ.

ಹಲ್ಲುಗಳು ಸರಿಯಾಗಿ ಕೂಡದಿದ್ದರೆ ಕೀಲು ನೋಯುವುದೆಂಬ ಭಾವನೆ ಎಲ್ಲಿಂದ ಬಂದಿತು? 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಹನ್ನೊಂದು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಕಿವಿನೋವು, ಕಿವಿಯೊಳಗೆ ಮೊರೆತ, ತಲೆಸುತ್ತು, ತಲೆನೋವು ಅವರ ಬಾಧೆಗಳು. ದವಡೆಹಲ್ಲುಗಳು ಉದುರಿಹೋದುದರಿಂದ ಬಾಯಿ ಅತಿಯಾಗಿ ಮುಚ್ಚಿಕೊಂಡು, ದವಡೆಯ ಗುಂಡು ಹಿಂದಕ್ಕೆ ಸರಿದು ನರವನ್ನೂ ಕಿವಿಯ ನಾಳವನ್ನೂ ಒತ್ತುತ್ತದೆಯೆಂದು ಅವನು ತರ್ಕಿಸಿದನು. ಹಲ್ಲಿನ ಎತ್ತರವನ್ನು ಹೆಚ್ಚಿಸಿದಾಗ ರೋಗಿಗಳಿಗೆ ಗುಣ ಕಂಡಿತು. ಕಾರಣವೂ ಕಣ್ಣಿಗೆ ಕಾಣುವಂತಿದೆ, ಚಿಕಿತ್ಸೆಯೂ ಫಲಿಸಿದೆ, ಇನ್ನೇನು ಬೇಕು? ಕಿವಿಯ ವೈದ್ಯರ ಕೈಯಲ್ಲಿದ್ದ ರೋಗ ದಂತವೈದ್ಯರ ಕೈಗೆ ಬಂದಿತು. ಆದರೆ 1948ರಲ್ಲಿ ಅಂಗರಚನಾ ಶಾಸ್ತ್ರಜ್ಞ ಹ್ಯಾರಿ ಸಿಕರ್, ಕಾಸ್ಟನ್ ಹೇಳಿದ ಒತ್ತಡ ರಚನೆಯ ದೃಷ್ಟಿಯಿಂದ ಸಂಭವಿಸಲಾರದೆಂದು ತೋರಿಸಿಕೊಟ್ಟನು. ವಿವರಣೆ ಬಿದ್ದುಹೋಯಿತು, ಚಿಕಿತ್ಸೆ ಮಾತ್ರ ಉಳಿಯಿತು! ಹಲ್ಲುಗಳ ಏರುತಗ್ಗುಗಳನ್ನು ಬಣ್ಣದ ಕಾಗದದಿಂದ ಗುರುತಿಸಿ ತೇಯ್ದು ಸಮ ಮಾಡುವ ಪದ್ಧತಿ ಮುಂದಿನ ದಶಕಗಳಲ್ಲಿ ವ್ಯಾಪಕವಾಯಿತು.

ಇದನ್ನು ಅನುಮಾನದ ಕಣ್ಣಿನಿಂದ ನೋಡಿದವರೂ ಇದ್ದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಲಾಸ್ಲೋ ಶ್ವಾರ್ಟ್ಸ್ 1950ರ ದಶಕದಲ್ಲಿ ನೂರಾರು ರೋಗಿಗಳನ್ನು ಪರೀಕ್ಷಿಸಿ, ನೋವಿನ ಮೂಲ ಬಹುಮಟ್ಟಿಗೆ ಕೀಲಿನಲ್ಲಿಯೂ ಅಲ್ಲ, ಹಲ್ಲಿನಲ್ಲಿಯೂ ಅಲ್ಲ, ಬಿಗಿದುಕೊಂಡ ಸ್ನಾಯುವಿನಲ್ಲಿ ಎಂದನು. 1969ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಡೇನಿಯಲ್ ಲ್ಯಾಸ್ಕಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನಸ್ಸಿನ ಒತ್ತಡದಿಂದ ಹಲ್ಲು ಕಚ್ಚುವ ಅಭ್ಯಾಸ, ಅದರಿಂದ ದಣಿದ ಸ್ನಾಯು, ಅದರಿಂದ ನೋವು ಎಂಬ ಸರಣಿಯನ್ನು ಮುಂದಿಟ್ಟನು. ಅವನೂ ಅವನ ಸಂಗಡಿಗರೂ ನಡೆಸಿದ ಒಂದು ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು. 1976ರಲ್ಲಿ ಅದು ಪ್ರಕಟವಾಯಿತು. ಇಪ್ಪತ್ತೈದು ಮಂದಿ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಹಲ್ಲುಗಳನ್ನು ಸಮ ಮಾಡುತ್ತೇವೆಂದು ಹೇಳಿ, ಆ ಕೆಲಸದ ನಟನೆಯನ್ನು ಮಾತ್ರ ಮಾಡಿದರು. ಸಿದ್ಧತೆಯೆಲ್ಲ ನಿಜ; ತೇಯುವುದೊಂದು ಮಾತ್ರ ಸುಳ್ಳು. ಎನಾಮಲ್ಲು ಕಿಂಚಿತ್ತೂ ಸವೆಯಲಿಲ್ಲ. ಆದರೂ ಇಪ್ಪತ್ತೈದರಲ್ಲಿ ಹದಿನಾರು ಮಂದಿ ತಮ್ಮ ನೋವು ಪೂರ್ಣವಾಗಿ, ಅಥವಾ ಹೆಚ್ಚುಕಡಿಮೆ ಪೂರ್ಣವಾಗಿ ಹೋಯಿತೆಂದರು.

ಇದರಿಂದ ನೋವು ಸುಳ್ಳೆಂದಾಗಲಿ, ರೋಗಿಗಳು ನಟಿಸುತ್ತಿದ್ದರೆಂದಾಗಲಿ ಯಾರೂ ತಿಳಿಯಬಾರದು. ನೋವು ನಿಜ, ಗುಣವಾದುದೂ ನಿಜ. ಸುಳ್ಳಾದುದು ತೇಯ್ದುದರಿಂದಲೇ ಗುಣವಾಯಿತೆಂಬ ಅನುಮಾನಪ್ರಮಾಣ. ಈ ಬಗೆಯ ನೋವು ಹಲವರಲ್ಲಿ ತಾನಾಗಿ ಏರಿ ತಾನಾಗಿ ಇಳಿಯುವಂತಹುದು. ಅದು ಶಿಖರದಲ್ಲಿದ್ದಾಗಲೇ ಜನ ವೈದ್ಯರಲ್ಲಿಗೆ ಹೋಗುತ್ತಾರೆ. ವೈದ್ಯರ ಆರೈಕೆಯಿಂದ ಮನಸ್ಸು ನೆಮ್ಮದಿಗೊಂಡರೆ ಸ್ನಾಯುವಿನ ಬಿಗಿಯೂ ಸಡಿಲವಾಗುತ್ತದೆ. ಕಾಸ್ಟನ್‌ನ ಹನ್ನೊಂದು ಮಂದಿಗೆ ಗುಣವಾದುದು ಏತರಿಂದ ಎಂಬುದನ್ನು ಈಗ ಯಾರು ಹೇಳಬಲ್ಲರು?

ಇನ್ನು ಆ 'ಟಕ್' ಎಂಬ ಸದ್ದು. ಬಿಲ್ಲೆ ತನ್ನ ಸ್ಥಾನದಿಂದ ತುಸು ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆಯುವಾಗ ದವಡೆಯ ಗುಂಡು ಅದರ ದಪ್ಪನೆಯ ಹಿಂಬದಿಯ ಅಂಚನ್ನು ಹಾರಿ ಒಳಸೇರುತ್ತದೆ. ಸದ್ದು ಆಗುವುದು ಆಗ. ಮುಚ್ಚುವಾಗ ಮತ್ತೆ ಜಾರುತ್ತದೆ. ನೋವಿಲ್ಲದ ಸದ್ದು ಬಹಳ ಜನರಲ್ಲಿ ಉಂಟು. ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಅಪರೂಪವಾಗಿ ಗುಂಡು ಆ ಅಂಚನ್ನು ಹಾರಲಾರದೆ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಆಗ ಸದ್ದು ನಿಂತುಹೋಗುತ್ತದೆ, ಅದರೊಂದಿಗೆ ಬಾಯಿಯೂ ಪೂರ್ತಿ ತೆರೆಯುವುದಿಲ್ಲ. ಇಂತಹ ಬಿಲ್ಲೆಯನ್ನು ಶಸ್ತ್ರದಿಂದ ಸ್ವಸ್ಥಾನಕ್ಕೆ ತರುವ ಪ್ರಯತ್ನವನ್ನು ಎಡಿನ್‌ಬರೊ ನಗರದ ಥಾಮಸ್ ಆನಂಡೇಲ್ 1887ರಷ್ಟು ಹಿಂದೆಯೇ ವರದಿ ಮಾಡಿದ್ದನು. 1975ರಲ್ಲಿ ಜಪಾನಿನ ಓನಿಶಿ ಎಂಬಾತ ಸಣ್ಣ ದರ್ಶಕ ನಳಿಗೆಯೊಂದನ್ನು ಕೀಲಿನೊಳಗೆ ಇಳಿಸಿ ನೋಡಿದನು. 1991ರಲ್ಲಿ ಇಸ್ರೇಲಿನ ಡೋರಿಟ್ ನಿಟ್ಸಾನ್ ಮತ್ತು ಸಂಗಡಿಗರು ಎರಡು ಸೂಜಿಗಳಿಂದ ಕೀಲಿನ ಮೇಲಂತಸ್ತನ್ನು ದ್ರವದಲ್ಲಿ ತೊಳೆಯುವ ಸರಳ ವಿಧಾನವನ್ನು ವರದಿ ಮಾಡಿದರು. ಆದರೆ ಸಿಕ್ಕಿಕೊಂಡ ಕೀಲಿನ 106 ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿ, ಒಂದಕ್ಕೆ ಔಷಧಿ ಮತ್ತು ತಿಳಿವಳಿಕೆ, ಒಂದಕ್ಕೆ ವ್ಯಾಯಾಮ ಮತ್ತು ಪಟ್ಟಿಕೆ ಮುಂತಾದ ಆರೈಕೆ, ಉಳಿದ ಎರಡಕ್ಕೆ ಎರಡು ಬಗೆಯ ಶಸ್ತ್ರಚಿಕಿತ್ಸೆ ಕೊಟ್ಟು ಐದು ವರ್ಷಗಳವರೆಗೆ ನೋಡಿದಾಗ ನಾಲ್ಕು ಗುಂಪುಗಳ ಫಲವೂ ಒಂದೇ ತೆರನಾಗಿದ್ದಿತು. ಇದು 2007ರಲ್ಲಿ ಪ್ರಕಟವಾದ ಸಂಗತಿ. ಜಾರಿದ ಬಿಲ್ಲೆಯ ಹಿಂದಿನ ಮೆತು ಅಂಗಾಂಶವೇ ಕಾಲಕ್ರಮದಲ್ಲಿ ಗಡುಸಾಗಿ ಬಿಲ್ಲೆಯ ಕೆಲಸಕ್ಕೆ ಒದಗುತ್ತದೆ.

ಶಸ್ತ್ರದ ಆತುರ ಒಮ್ಮೆ ದೊಡ್ಡ ಅನಾಹುತಕ್ಕೂ ಎಡೆಮಾಡಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೆಟ್ಟ ಬಿಲ್ಲೆಯನ್ನು ತೆಗೆದು ಟೆಫ್ಲಾನಿನಿಂದ ಮಾಡಿದ ಕೃತಕ ಬಿಲ್ಲೆಯನ್ನು ಇಡುತ್ತಿದ್ದರು. ಅಂಟದ ಬಾಣಲೆಗೆ ಬಳಿಯುವ ಟೆಫ್ಲಾನೇ ಇದು. ದವಡೆಯ ಒತ್ತಡಕ್ಕೆ ಆ ಬಿಲ್ಲೆ ಪುಡಿಪುಡಿಯಾಯಿತು. ಪುಡಿಯನ್ನು ನುಂಗಲು ಬಂದ ದೇಹದ ಕಾವಲು ಕೋಶಗಳು ಸುತ್ತಣ ಎಲುಬನ್ನೇ ಕೊರೆದವು. ಕೆಲವರಲ್ಲಿ ತಲೆಬುರುಡೆಯ ತಳದವರೆಗೆ ತೂತು ಬಿದ್ದಿತು. 1990–91ರಲ್ಲಿ ಅಲ್ಲಿಯ ಸರ್ಕಾರ ಎಚ್ಚರಿಕೆ ಕೊಟ್ಟು ಅವನ್ನು ಹಿಂದಕ್ಕೆ ಪಡೆಯುವಂತೆ ಮಾಡಿತು. ಸಾಮಾನ್ಯ ನೋವಿಗೆಂದು ಹೋಗಿ ಜೀವಮಾನದ ನೋವನ್ನು ಹೊತ್ತು ಬಂದವರು ಹಲವರು.

ಹಾಗಾದರೆ ದಂತವೈದ್ಯರು ಮಾಡಬಹುದಾದುದು ಏನೂ ಇಲ್ಲವೇ? ಬೇಕಾದಷ್ಟಿದೆ. ಮೊದಲನೆಯದಾಗಿ, ನೋವು ಕೀಲಿನದೇ ಹೌದೋ ಎಂದು ನೋಡುವುದು. ಹುಳುಕು ಹಲ್ಲು, ಅರ್ಧ ಮೂಡಿದ ಬುದ್ಧಿಹಲ್ಲಿನ ಸುತ್ತಣ ಬಾವು, ಕಿವಿಯ ಸೋಂಕು ಎಲ್ಲವೂ ಇದೇ ವೇಷದಲ್ಲಿ ಬರಬಹುದು. ಧನುರ್ವಾಯುವಿನ ಮೊದಲ ಲಕ್ಷಣ ದವಡೆ ಬಿಗಿಯುವುದೇ. ಅದಕ್ಕೆ ತಡಮಾಡದೆ ಆಸ್ಪತ್ರೆ ಸೇರಬೇಕು. ನಡುವಯಸ್ಸು ದಾಟಿದವರಿಗೆ ನಡೆದಾಗ ದವಡೆ ನೊಂದು ಕುಳಿತಾಗ ನಿಂತರೆ ಹೃದಯವನ್ನು ಪರೀಕ್ಷಿಸಬೇಕು. ನಮ್ಮ ನಾಡಿನಲ್ಲಿ ಮುಖ್ಯವಾದ ಇನ್ನೊಂದು ಕಾರಣ ಅಡಕೆ. ಅಡಕೆಯನ್ನೂ ಗುಟ್ಕಾವನ್ನೂ ಸದಾ ಅಗಿಯುವವರ ಕೆನ್ನೆಯ ಒಳಪೊರೆ ನಾರುಗಟ್ಟಿ, ಬಿಳಿಚಿ, ಬಾಯಿ ದಿನದಿನಕ್ಕೆ ಕಿರಿದಾಗುತ್ತದೆ. ಅಲ್ಲಿ ಕೀಲಿನ ತಪ್ಪೇನೂ ಇಲ್ಲ. ಅದು ಕ್ಯಾನ್ಸರಿಗೆ ತಿರುಗಬಹುದಾದ ಬೇರೆಯೇ ರೋಗ. ಕಾಲೇಜಿನ ಹುಡುಗರಲ್ಲಿಯೂ ಅದು ಕಾಣಿಸಿಕೊಳ್ಳುತ್ತಿದೆಯೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆವು.

ಬಾಯಿ ತೆರೆದದ್ದು ಮುಚ್ಚಲೇ ಬಾರದಂತೆ ಕೀಲು ತಪ್ಪುವುದೂ ಉಂಟು. ದೊಡ್ಡ ಆಕಳಿಕೆಯೊಂದೇ ಸಾಕು. ಇದರ ಚಿಕಿತ್ಸೆ ಬಹಳ ಪ್ರಾಚೀನ. ಕ್ರಿ. ಪೂ. 1600ರ ಸುಮಾರಿನ ಈಜಿಪ್ಟಿನ ಪಪೈರಸ್ ಸುರುಳಿಯೊಂದರಲ್ಲಿ ಅದರ ವರ್ಣನೆಯಿದೆ. ನಮ್ಮ ಸುಶ್ರುತಸಂಹಿತೆಯಲ್ಲಿ, ಮುರಿದ ಮತ್ತು ತಪ್ಪಿದ ಎಲುಬುಗಳ ಚಿಕಿತ್ಸೆಯನ್ನು ಹೇಳುವ ಕಡೆ, ದವಡೆಗೆ ಶಾಖ ಕೊಟ್ಟು ಕೀಲನ್ನು ಕೂಡಿಸಿ ಐದು ಬಾಹುಗಳ ಪಟ್ಟಿಯನ್ನು ಕಟ್ಟಬೇಕೆಂದಿದೆ. ಇಂದಿನ ವೈದ್ಯರೂ ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಕೆಳಕ್ಕೂ ಹಿಂದಕ್ಕೂ ಒತ್ತಿ ಅದನ್ನು ಕೂರಿಸುತ್ತಾರೆ. ಮನೆಯವರು ಮಾಡಲು ಹೋಗುವ ಕೆಲಸವಲ್ಲ ಅದು.

ಸಾಮಾನ್ಯವಾದ ಕೀಲುನೋವಿಗೆ ಇಂದು ಒಪ್ಪಿತವಾಗಿರುವ ಚಿಕಿತ್ಸೆ ಆಶ್ಚರ್ಯವಾಗುವಷ್ಟು ಸರಳ. ಕೆಲವು ವಾರ ಮೆತ್ತನೆಯ ಆಹಾರ; ಕಬ್ಬು, ಹುರಿಗಡಲೆ, ಚೂಯಿಂಗ್ ಗಮ್ ಬೇಡ. ಹಲ್ಲಿಗೆ ಕೆಲಸವನ್ನೇ ಕೊಡದ ರಾಗಿಮುದ್ದೆಗಿಂತ ಮೇಲಾದ ಪಥ್ಯ ಇನ್ನಾವುದಿದ್ದೀತು! ಬೆಚ್ಚನೆಯ ಬಟ್ಟೆಯ ಶಾಖ. ವೈದ್ಯರು ಹೇಳಿದಷ್ಟು ದಿನ ಮಾತ್ರ ನೋವಿನ ಮಾತ್ರೆ. ದವಡೆಯನ್ನು ಮೆಲ್ಲನೆ ಹಿಗ್ಗಿಸುವ ವ್ಯಾಯಾಮ. 'ನ' ಎಂದು ಉಚ್ಚರಿಸಿ ನಾಲಗೆಯ ತುದಿಯನ್ನು ಮೇಲಿನ ಬಾಚಿಹಲ್ಲುಗಳ ಹಿಂದೆ ಹಗುರವಾಗಿ ಇರಗೊಟ್ಟರೆ ಹಲ್ಲುಗಳು ತಾವಾಗಿ ದೂರವಾಗುತ್ತವೆ. ಓದುವಾಗ ಆಗಾಗ ಇದನ್ನು ನೆನೆದುಕೊಂಡರೆ ಕಚ್ಚುವ ಅಭ್ಯಾಸ ಬಿಡುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬಾಯಿಯ ಅಚ್ಚು ತೆಗೆದು ಗಟ್ಟಿಯಾದ ಅಕ್ರಿಲಿಕ್ಕಿನ ಪಟ್ಟಿಕೆಯೊಂದನ್ನು ಮಾಡಿಕೊಡುತ್ತಾರೆ. ರಾತ್ರಿ ಹಾಕಿಕೊಂಡರೆ ಹಲ್ಲು ಹಲ್ಲನ್ನು ತೇಯುವ ಬದಲು ಪಟ್ಟಿಕೆ ಸವೆಯುತ್ತದೆ. ಅದು ನೋವನ್ನು ಎಷ್ಟು ಕಳೆಯುತ್ತದೆಂಬ ವಿಚಾರದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. 2023ರಲ್ಲಿ ಬ್ರಿಟನ್ನಿನ 'ಬಿ. ಎಂ. ಜೆ.' ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಬಹುಕಾಲದ ನೋವಿಗೆ ವ್ಯಾಯಾಮ, ಸ್ನಾಯುಗಳನ್ನು ನೀವಿ ಸಡಿಲಿಸುವುದು, ನೋವನ್ನು ಎದುರಿಸಲು ಮನಸ್ಸಿಗೆ ಕೊಡುವ ತರಬೇತಿ ಇವುಗಳನ್ನು ಬಲವಾಗಿ ಸಮರ್ಥಿಸಿ, ಕೂಡಿಕೆಯನ್ನು ಶಾಶ್ವತವಾಗಿ ಬದಲಿಸುವ ಪಟ್ಟಿಕೆಗಳನ್ನೂ ಬಿಲ್ಲೆಯನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನೂ ಅಷ್ಟೇ ಬಲವಾಗಿ ಬೇಡವೆಂದಿತು.

ಇಷ್ಟೆಲ್ಲ ಓದಿ, ವಕ್ರವಾದ ಹಲ್ಲಿಗೆ ಕ್ಲಿಪ್ಪು ಹಾಕಿಸುವುದೇ ತಪ್ಪೆಂದು ಯಾರಾದರೂ ತಿಳಿದರೆ ಅದು ಇನ್ನೊಂದು ತಪ್ಪು. ಅಗಿಯಲು ಬಾರದಿರುವುದು, ಶುಚಿ ಮಾಡಲಾಗದಂತೆ ಹಲ್ಲುಗಳು ಒತ್ತಾಗಿರುವುದು, ಮುಂದೆ ಚಾಚಿದ ಹಲ್ಲು ಆಟದಲ್ಲಿ ಮುರಿಯುವುದು, ಮುಖದ ಅಂದ ಇವೆಲ್ಲ ಚಿಕಿತ್ಸೆಗೆ ತಕ್ಕ ಕಾರಣಗಳೇ. ಆ ಚಿಕಿತ್ಸೆಯ ಹಿಂದಿನ ವಿಜ್ಞಾನವೂ ಸೊಗಸಾದುದು. ಹಲ್ಲು ಎಲುಬಿನಲ್ಲಿ ಮೊಳೆಯಂತೆ ಹೊಡೆದುಕೊಂಡಿಲ್ಲ. ಸುತ್ತಲೂ ಸುಮಾರು ಐದರಲ್ಲೊಂದು ಮಿಲ್ಲಿಮೀಟರು ದಪ್ಪದ ನಾರುಪೊರೆಯ ತೊಟ್ಟಿಲಲ್ಲಿ ತೂಗುತ್ತಿದೆ. ತಂತಿ ಹಗುರವಾಗಿ ಒತ್ತಿದ ಕಡೆ ಎಲುಬು ಕರಗುತ್ತದೆ, ಎಳೆದ ಕಡೆ ಹೊಸದಾಗಿ ಕಟ್ಟುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 1904ರಲ್ಲಿ ನಾಯಿಗಳ ಹಲ್ಲನ್ನು ಸರಿಸಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲ್ಲಿಮೀಟರಿನ ಪ್ರಯಾಣ. ಆದುದರಿಂದಲೇ ಒಂದೂವರೆ ಎರಡು ವರ್ಷ ಬೇಕು. 1987ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಕ್ಲಿಪ್ಪಿನಿಂದಲೇ ಕೀಲು ಕೆಟ್ಟಿತೆಂದು ದಾವೆ ಹೂಡಿದ ರೋಗಿಗೆ ನ್ಯಾಯಾಲಯ ಎಂಟೂವರೆ ಲಕ್ಷ ಡಾಲರು ಪರಿಹಾರ ಕೊಡಿಸಿತು. ವೈದ್ಯಸಮೂಹ ಬೆಚ್ಚಿಬಿದ್ದು ಈ ವಿಷಯದ ಸಂಶೋಧನೆಗೆ ಹಣ ಹೂಡಿತು. ಆ ಬಳಿಕ ನಡೆದ ಅಧ್ಯಯನಗಳಿಂದ ತಿಳಿದುಬಂದುದು: ಕ್ಲಿಪ್ಪು ಕೀಲುನೋವನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ.

ನಮ್ಮ ನೆರೆಮನೆಯ ತಂದೆಗೆ ನಾವು ಹೇಳಿದುದು ಇಷ್ಟೇ: ಹಿಂದಕ್ಕೆ ಪಡೆಯಬಹುದಾದ ಚಿಕಿತ್ಸೆಯನ್ನು ಮೊದಲು ಮಾಡಿಸಿ, ತೇಯಿಸುವ ಮುನ್ನ ಇನ್ನೊಬ್ಬ ದಂತವೈದ್ಯರಿಗೆ ತೋರಿಸಿ. ಎರಡನೆಯ ವೈದ್ಯರು ಹುಡುಗಿಯ ಕೆನ್ನೆಯ ಸ್ನಾಯುಗಳನ್ನು ಒತ್ತಿ ನೋಡಿ, ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳದೆ, ಒಂದು ಹಾಳೆಯಲ್ಲಿ ವ್ಯಾಯಾಮಗಳನ್ನು ಬರೆದುಕೊಟ್ಟು, ರಾತ್ರಿಗೆ ಒಂದು ಪಟ್ಟಿಕೆಯನ್ನು ಮಾಡಿಸಿದರು. ಆಕೆ ತನ್ನ ಓದುವ ಮೇಜಿನ ಗೋಡೆಗೆ 'ನ' ಎಂಬ ಅಕ್ಷರವನ್ನು ದೊಡ್ಡದಾಗಿ ಬರೆದು ಅಂಟಿಸಿಕೊಂಡಿದ್ದಳು. ಪರೀಕ್ಷೆ ಮುಗಿದು ಎರಡು ತಿಂಗಳಾಗುವ ವೇಳೆಗೆ ಮೂರು ಬೆರಳುಗಳು ಬಾಯಲ್ಲಿ ಹಿಡಿಸಿದವು. ಗೋಕುಲಾಷ್ಟಮಿಗೆ ಆಕೆಯ ತಾಯಿ ಚಕ್ಕುಲಿ ತಂದುಕೊಟ್ಟು, ಮಗಳೂ ಎರಡು ತಿಂದಳೆಂದು ಹೇಳಿದರು. 'ಟಕ್' ಎಂಬ ಸದ್ದು ಮಾತ್ರ ಬಲಗಡೆ ಈಗಲೂ ಆಗೊಮ್ಮೆ ಈಗೊಮ್ಮೆ ಕೇಳಿಸುತ್ತದೆಯಂತೆ.